ಅಜ್ಜನ ಯಕ್ಷಗಾನ ಪ್ರಸಂಗದ ಪಿಡಿಎಫ್ 410 ಎಂಬಿ ಇದೆ. ಅಕ್ಷರ ಕೆಡದ ಹಾಗೆ ಚಿಕ್ಕದು ಮಾಡುವುದು ಹೇಗೆ?

ಹಳೇಪುಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಿಡಿಎಫ್ ಕೆಲಸ ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ನಮ್ಮ ಅಜ್ಜ ಹೊನ್ನಾವರ ಕಡೆಯವರು. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರು ಬರೆದ ಒಂದು ಪ್ರಸಂಗ ಕೈಬರಹದಲ್ಲೇ ಉಳಿದಿದೆ, ಅಚ್ಚಾಗಲಿಲ್ಲ. ಗೆರೆ ಹಾಕಿದ ನೋಟ್‌ಬುಕ್, ಒಟ್ಟು 182 ಪುಟ. ಪದ್ಯಗಳು ನೀಲಿ ಶಾಯಿಯಲ್ಲಿವೆ. ರಾಗ, ತಾಳ, ಭಾಮಿನಿ, ವಾರ್ಧಕ, ಕಂದ ಅಂತ ಪದ್ಯದ ತಲೆ ಮೇಲೆ ಬರೆದದ್ದೆಲ್ಲ ಕೆಂಪು ಶಾಯಿ. ಆಮೇಲೆ ಯಾವಾಗಲೋ ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಿದ್ದಿದ್ದಾರೆ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ. ಕೆಲವು ಕಡೆ ಹಿಂಬದಿಯ ಶಾಯಿ ಈ ಕಡೆಗೆ ಇಣುಕುತ್ತದೆ.

ನಾನು ಎಲ್ಲ ಪುಟಗಳ ಫೋಟೋ ಫೋನಿನಲ್ಲಿ ತೆಗೆದೆ. ಫೋಟೋಗಳನ್ನು ಪಿಡಿಎಫ್ ಮಾಡುವ ಒಂದು ಆ್ಯಪ್‌ನಲ್ಲಿ ಜೋಡಿಸಿದೆ. ಫೈಲು 410 ಎಂಬಿ ಆಯಿತು. ಇದನ್ನು ಪುಣೆಯಲ್ಲಿರುವ ಅತ್ತೆಗೆ ಮೇಲ್ ಮಾಡಬೇಕು. ಅವರಿಗೆ ಮೇಲ್ ಬಿಟ್ಟು ಬೇರೆ ಏನೂ ರೂಢಿ ಇಲ್ಲ. ಜೊತೆಗೆ ನಮ್ಮೂರ ಕಡೆಯ ಒಬ್ಬ ಭಾಗವತರು ಓದಿ ನೋಡುತ್ತೇನೆ ಎಂದಿದ್ದಾರೆ. ಅವರದ್ದು ಹಳೆಯ ಫೋನು, ಮನೆಯಲ್ಲಿ ನೆಟ್‌ವರ್ಕ್ ಬಹಳ ಕಮ್ಮಿ.

ಆನ್‌ಲೈನ್ ಕಂಪ್ರೆಸ್ ಸೈಟ್ ಒಂದಕ್ಕೆ ಹಾಕಿದರೆ 402 ಎಂಬಿ ಬಂತು. ಇನ್ನೊಂದರಲ್ಲಿ 9 ಎಂಬಿ ಬಂತು, ಆದರೆ ಒತ್ತಕ್ಷರ ಎಲ್ಲ ಮುದ್ದೆಯಾಗಿದೆ. ಪೆನ್ಸಿಲ್ ತಿದ್ದುಪಡಿ ಕಾಣಿಸುವುದೇ ಇಲ್ಲ. ಜಿಪ್ ಮಾಡಿದರೆ 408. ಒಂದು ಸೈಟ್ ಏನೂ ಮಾಡುವುದಿಲ್ಲ, ಇನ್ನೊಂದು ಪೂರ್ತಿ ಹಾಳು ಮಾಡುತ್ತದೆ. ಹೀಗೆ ಯಾಕೆ ಆಗುತ್ತದೆ? ಭಾಗವತರು ಓದಿ ಹಾಡುವಷ್ಟು ಸ್ಪಷ್ಟ ಇರಬೇಕು, ಅದು ನನಗೆ ಮುಖ್ಯ.

ಊರ_ಹುಡುಗ

ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿ. ಇಲ್ಲಾಂದ್ರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, ಈಗ 2 ಜಿಬಿ ತನಕ ಹೋಗುತ್ತದೆ. ಚಿಕ್ಕದು ಮಾಡುವ ಕಷ್ಟ ಯಾಕೆ?

ಹಳೇಪುಟ

ಕಳಿಸುವುದಕ್ಕೆ ನನಗೆ ಕಷ್ಟ ಇಲ್ಲ. ಇಳಿಸಿಕೊಳ್ಳುವುದು ಅವರಿಗೆ ಕಷ್ಟ. ಭಾಗವತರ ಫೋನಿನಲ್ಲಿ 410 ಎಂಬಿ ಖಾಲಿ ಜಾಗವೇ ಇಲ್ಲ. ಇಳಿದರೂ ಪುಟ ತಿರುಗಿಸುವಾಗ ಫೋನ್ ನಿಂತುಬಿಡುತ್ತದೆ.

ಅಚ್ಚುಮೊಳೆ

ನಾನು ಗದಗದಲ್ಲಿ ಡಿಟಿಪಿ ಕೆಲಸ ಮಾಡುವವನು. ಈಚೆಗೆ ಹಳೆಯ ಪುಸ್ತಕ, ದಾಖಲೆ ಸ್ಕ್ಯಾನ್ ಮಾಡಿಕೊಡುವುದೇ ಜಾಸ್ತಿ. ನಿಮ್ಮ ಪ್ರಶ್ನೆಯಲ್ಲಿ ಒಂದು ಗುಟ್ಟು ಅಡಗಿದೆ, ಅದು 402 ಎಂಬಿ. ಉತ್ತರ ಹೇಳುವ ಮೊದಲು ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಆ ಪಿಡಿಎಫ್ ತೆರೆದು, ಫೈಲ್ ಮೆನುವಿನಲ್ಲಿ ಪ್ರಾಪರ್ಟೀಸ್ ಒತ್ತಿ. ಅಲ್ಲಿ ಪುಟದ ಅಳತೆ ಎಷ್ಟಿದೆ ನೋಡಿ ಹೇಳಿ.

ಜಿಪ್ ವಿಷಯ ಈಗಲೇ ಹೇಳಿಬಿಡುತ್ತೇನೆ. ಫೋನಿನ ಫೋಟೋ ಎಂದರೆ ಜೆಪೆಗ್. ಅದು ಆಗಲೇ ಹಿಂಡಿದ ಬಟ್ಟೆ. ಮತ್ತೆ ಹಿಂಡಿದರೆ ನೀರು ಬರುವುದಿಲ್ಲ. ವರ್ಡ್ ಫೈಲು, ಟೆಕ್ಸ್ಟ್ ಫೈಲು ಆದರೆ ಜಿಪ್ ಬೇರೆ ಮಾತು.

ಹಳೇಪುಟ

ನೋಡಿದೆ. 106.7 × 142.2 ಸೆಂ.ಮೀ. ಅಂತ ಇದೆ! ನೋಟ್‌ಬುಕ್ ಇರುವುದು 24 ಸೆಂ.ಮೀ. ಉದ್ದ ಅಷ್ಟೇ. ಇದು ಹೇಗೆ?

ಅಚ್ಚುಮೊಳೆ

ನಾನು ಅಂದುಕೊಂಡದ್ದೇ ಆಯಿತು. ನಿಧಾನವಾಗಿ ಹೇಳುತ್ತೇನೆ, ಇದು ಅರ್ಥವಾದರೆ ಉಳಿದದ್ದು ಸುಲಭ.

ನಿಮ್ಮ ಫೋನಿನ ಫೋಟೋ 3024 × 4032 ಚುಕ್ಕಿ, ಅಂದರೆ 12 ಮೆಗಾಪಿಕ್ಸೆಲ್. ಕಾಗದದ ಮೇಲೆ ಇದರ ಅಳತೆ ಎಷ್ಟು ಅಂತ ಫೋಟೋಗೆ ಗೊತ್ತಿಲ್ಲ. ಆ್ಯಪ್ ಸುಮ್ನೆ ಇಂಚಿಗೆ 72 ಚುಕ್ಕಿ ಅಂತ ಹಿಡಿದಿದೆ. 3024ನ್ನು 72ರಿಂದ ಭಾಗಿಸಿ, 42 ಇಂಚು. 4032ನ್ನು ಭಾಗಿಸಿ, 56 ಇಂಚು. ಅದೇ ನಿಮ್ಮ 106.7 × 142.2 ಸೆಂ.ಮೀ. ನಿಮ್ಮ ನೋಟ್‌ಬುಕ್ಕಿನ ಒಂದು ಪುಟ ಪಿಡಿಎಫ್ ಒಳಗೆ ಬಾಗಿಲಿನಷ್ಟು ಅಗಲ ಕೂತಿದೆ.

ಈಗ ಕಂಪ್ರೆಸ್ ಮಾಡುವ ತಂತ್ರಾಂಶದ ಕಡೆ ಬನ್ನಿ. ಇಂಥ ಸೈಟುಗಳಲ್ಲಿ ಹಲವು ಒಳಗೊಳಗೆ ಪಿಡಿಎಫ್ ಹೊಸದಾಗಿ ಬರೆಯುವ ತಂತ್ರಾಂಶವಾದ ಘೋಸ್ಟ್‌ಸ್ಕ್ರಿಪ್ಟ್ ಅಥವಾ ಅದೇ ರೀತಿಯದನ್ನು ಓಡಿಸುತ್ತವೆ. ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಸಿದ್ಧ ಮಟ್ಟಗಳಿವೆ. 'ಸ್ಕ್ರೀನ್' ಎಂದರೆ ಇಂಚಿಗೆ 72 ಚುಕ್ಕಿ, 'ಇಬುಕ್' ಎಂದರೆ 150, 'ಪ್ರಿಂಟರ್' ಎಂದರೆ 300. ಅದು ಚಿತ್ರದ ಚುಕ್ಕಿಗಳನ್ನು ಪುಟದ ಅಳತೆಯಿಂದ ಭಾಗಿಸಿ ನೋಡುತ್ತದೆ. ಗುರಿಗಿಂತ ಒಂದೂವರೆ ಪಟ್ಟು ಜಾಸ್ತಿ ಇದ್ದರೆ ಮಾತ್ರ ಕಡಿಮೆ ಮಾಡುತ್ತದೆ. ನಿಮ್ಮ ಫೈಲಿನಲ್ಲಿ ಅದಕ್ಕೆ ಕಂಡದ್ದು 72 ಮಾತ್ರ. ಇದು ಆಗಲೇ ಬಹಳ ಕಮ್ಮಿ ಇದೆ ಅಂತ ಹಾಗೇ ಬಿಟ್ಟಿದೆ. ನಿಜವಾದ ಕಾಗದದ ಲೆಕ್ಕದಲ್ಲಿ, ಫೋಟೋದಲ್ಲಿ ಸುತ್ತ ಬಿದ್ದ ಮೇಜಿನ ಜಾಗ ಬಿಟ್ಟು, ನಿಮ್ಮ ಫೋಟೋ ಇಂಚಿಗೆ 380 ಚುಕ್ಕಿಯ ಆಸುಪಾಸು ಇದೆ. 402 ಎಂಬಿ ಬಂದದ್ದು ಹೀಗೆ. ಇನ್ನೊಂದು ಸೈಟ್ ಅಳತೆ ನೋಡದೆ ಚಿತ್ರವನ್ನೇ ಚಿಕ್ಕದು ಮಾಡಿ, ಜೆಪೆಗ್ ಗುಣಮಟ್ಟ ತೀರ ಕೆಳಗೆ ಇಳಿಸಿರಬೇಕು. 9 ಎಂಬಿ ಎಂದರೆ ಪುಟಕ್ಕೆ 50 ಕೆಬಿ. ಬಣ್ಣದ ಕೈಬರಹಕ್ಕೆ ಜೆಪೆಗ್‌ನಲ್ಲಿ ಅಷ್ಟು ಸಾಲದು.

ಜೆಪೆಗ್ ಯಾಕೆ ಅಕ್ಷರ ಮುದ್ದೆ ಮಾಡುತ್ತದೆ ಅಂದರೆ, ಅದು ಚಿತ್ರವನ್ನು 8 × 8 ಚುಕ್ಕಿಯ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲೂ ಸೂಕ್ಷ್ಮ ಏರಿಳಿತವನ್ನು ಬಿಟ್ಟು ದೊಡ್ಡ ಏರಿಳಿತವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮುಖ, ಮರ, ಆಕಾಶಕ್ಕೆ ಇದು ಚೆನ್ನಾಗಿದೆ. ಶಾಯಿಯ ಗೆರೆ ಎಂದರೆ ಬಿಳಿಯಿಂದ ಕಪ್ಪಿಗೆ ಒಮ್ಮೆಲೇ ಜಿಗಿತ. ಅಲ್ಲಿ ಅದು ಸೋಲುತ್ತದೆ. ನಮ್ಮ ಲಿಪಿಯಲ್ಲಿ ಒತ್ತು ಚಿಕ್ಕದಾಗಿ ಕೆಳಗೆ ಕೂರುತ್ತದೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಬೇರೆಯಾಗುವುದು ಒಂದು ಸೀಳಿನಿಂದ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕಿ. ಇಂಗ್ಲಿಷ್ ಪುಟಕ್ಕೆ ನಡೆಯುವ ಮಟ್ಟ ಕನ್ನಡಕ್ಕೆ ನಡೆಯುವುದಿಲ್ಲ. ಇದನ್ನು ನಾನು ಗಿರಾಕಿಗಳಿಗೆ ಯಾವಾಗಲೂ ಹೇಳುತ್ತೇನೆ.

ಹಾಗಾದರೆ ಏನು ಮಾಡಬೇಕು? ಪಿಡಿಎಫ್ ಬಿಡಿ. ಮೂಲ ಫೋಟೋಗಳಿಂದ ಶುರು ಮಾಡಿ. ಅವು ಇನ್ನೂ ಇವೆ ತಾನೆ?

ತೂಕದ ಲೆಕ್ಕ ಒಮ್ಮೆ ನೋಡಿ. ಎ4 ಪುಟ ಇಂಚಿಗೆ 300 ಚುಕ್ಕಿಯಲ್ಲಿ 2480 × 3508, ಅಂದರೆ 87 ಲಕ್ಷ ಚುಕ್ಕಿ. ಬಣ್ಣದಲ್ಲಿ ಚುಕ್ಕಿಗೆ 3 ಬೈಟ್, ಹಿಂಡುವ ಮೊದಲು 26 ಎಂಬಿ. ಬೂದು ಛಾಯೆಯಲ್ಲಿ 8.7 ಎಂಬಿ. ಅಪ್ಪಟ ಕಪ್ಪು ಬಿಳುಪಿನಲ್ಲಿ ಚುಕ್ಕಿಗೆ ಒಂದೇ ಬಿಟ್, 1 ಎಂಬಿಗಿಂತ ಚೂರು ಮೇಲೆ. ಅದನ್ನು ಫ್ಯಾಕ್ಸ್ ಯಂತ್ರಗಳಿಗೆಂದು ಮಾಡಿದ ಗ್ರೂಪ್ 4 ವಿಧಾನದಲ್ಲಿ ಹಿಂಡಿದರೆ ಬರಹದ ಪುಟ ಸಾಮಾನ್ಯವಾಗಿ 100 ಕೆಬಿ ಒಳಗೆ ಬರುತ್ತದೆ. ಒಂದು ಚುಕ್ಕಿಯೂ ಕಳೆಯುವುದಿಲ್ಲ. ಚುಕ್ಕಿ ಕಡಿಮೆ ಮಾಡುವುದಕ್ಕಿಂತ ಬಣ್ಣ ಕಡಿಮೆ ಮಾಡುವುದರಲ್ಲಿ ಲಾಭ ಇದೆ. 150ರ ಮಸುಕು ಬಣ್ಣದ ಪುಟಕ್ಕಿಂತ 600ರ ಕಪ್ಪು ಬಿಳುಪು ಪುಟ ಸಾಮಾನ್ಯವಾಗಿ ಹಗುರ, ಓದುವುದಕ್ಕೂ ಎಷ್ಟೋ ಚೆನ್ನಾಗಿರುತ್ತದೆ.

ಆದರೆ ನಿಮಗೆ ಪೂರ್ತಿ ಕಪ್ಪು ಬಿಳುಪು ಬೇಡ. ಕೆಂಪು ಶಾಯಿ ಹೋದರೆ ಭಾಗವತರಿಗೆ ರಾಗ ತಾಳ ಎಲ್ಲಿ ಬದಲಾಯಿತು ಅಂತ ಕಣ್ಣಿಗೆ ತಟ್ಟನೆ ಬೀಳುವುದಿಲ್ಲ. ಅಜ್ಜ ಯೋಚಿಸಿಯೇ ಎರಡು ಬಣ್ಣ ಬಳಸಿದ್ದಾರೆ, ಅದನ್ನು ಉಳಿಸೋಣ. ಬೇಕಾಗಿರುವುದು ನಾಲ್ಕೈದು ಬಣ್ಣ ಮಾತ್ರ. ಕಂದು ಕಾಗದದ ಸಾವಿರಾರು ಛಾಯೆಗಳು ಯಾರಿಗೂ ಬೇಡ, ಫೈಲಿನ ಭಾರ ಅಲ್ಲೇ ಇದೆ.

ಸ್ಕ್ಯಾನ್‌ಟೈಲರ್ ಅಡ್ವಾನ್ಸ್‌ಡ್ ಅಂತ ಒಂದು ಉಚಿತ ತಂತ್ರಾಂಶ ಇದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಫೋಟೋಗಳಿರುವ ಫೋಲ್ಡರ್ ಕೊಡಿ. ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬುದು) ಸರಿಯಿಲ್ಲ ಅಂತ ಅದೇ ಕೇಳುತ್ತದೆ, 380 ಅಂತ ತುಂಬಿ. ಅಲ್ಲಿಗೆ ಬಾಗಿಲಿನ ಸಮಸ್ಯೆ ಮುಗಿಯಿತು. ಆಮೇಲೆ ಅದು ಪುಟದ ಓರೆ ತಿದ್ದುತ್ತದೆ, ಬರಹ ಇರುವ ಜಾಗ ಗುರುತಿಸುತ್ತದೆ, ಮೇಜು, ಬೆರಳು ಇತ್ಯಾದಿ ಕತ್ತರಿಸುತ್ತದೆ. ಕೊನೆಯ ಹಂತ ಔಟ್‌ಪುಟ್. ಅಲ್ಲಿ ಕಪ್ಪು ಬಿಳುಪು ಆರಿಸಿ, ಕೆಳಗೆ ಬಣ್ಣ ವಿಂಗಡಿಸುವ ಆಯ್ಕೆ ಇದೆ, ಅದನ್ನೂ ಆರಿಸಿ. ಆಗ ಕಾಗದ ಬಿಳಿಯಾಗುತ್ತದೆ, ಕೆಂಪು ಕೆಂಪಾಗಿಯೇ, ನೀಲಿ ನೀಲಿಯಾಗಿಯೇ ಉಳಿಯುತ್ತದೆ. ನಿಮ್ಮ ಕೈ ನೆರಳು ಬಿದ್ದ ಪುಟಗಳಿಗೆ ಬೆಳಕು ಸಮ ಮಾಡುವ ಆಯ್ಕೆ ಹಾಕಿ. ಹಿಂಬದಿ ಶಾಯಿ ಇಣುಕುವ ಪುಟದಲ್ಲಿ ಗೆರೆ ದಪ್ಪ ತೆಳುವಿನ ಪಟ್ಟಿಯನ್ನು ತೆಳು ಕಡೆಗೆ ಸ್ವಲ್ಪ ಎಳೆಯಿರಿ. ಜಾಸ್ತಿ ಎಳೆದರೆ ಸೀಳು, ಸೊನ್ನೆ ಹೋಗುತ್ತವೆ. ಅದಕ್ಕೇ ಒಂದು ಪುಟದಲ್ಲಿ ಸರಿ ಮಾಡಿ, ನೋಡಿ, ಆಮೇಲೆ ಉಳಿದವಕ್ಕೆ ಅನ್ವಯಿಸಿ.

ಇದು ಕೊಡುವುದು ಟಿಫ್ ಚಿತ್ರಗಳು, ಪಿಡಿಎಫ್ ಅಲ್ಲ. ಜೋಡಿಸುವುದಕ್ಕೆ ಐಎಂಜಿ2ಪಿಡಿಎಫ್ (img2pdf) ಅಂತ ಇನ್ನೊಂದು ಉಚಿತ ತಂತ್ರಾಂಶ ಬಳಸಿ. ಅದು ಚಿತ್ರವನ್ನು ಗುಣ ಕೆಡಿಸದೆ ಪಿಡಿಎಫ್ ಒಳಗೆ ಇಡುತ್ತದೆ. ಜೋಡಿಸಿದ ಮೇಲೆ ಮತ್ತೆ ಯಾವ ಕಂಪ್ರೆಸ್ ಸೈಟಿಗೂ ಹಾಕಬೇಡಿ. ಘೋಸ್ಟ್‌ಸ್ಕ್ರಿಪ್ಟ್‌ನ ಇಬುಕ್ ಮಟ್ಟ 600ರ ಕಪ್ಪು ಬಿಳುಪನ್ನು 300ಕ್ಕೆ ಇಳಿಸಿಬಿಡುತ್ತದೆ, ಪಟ್ಟ ಶ್ರಮ ಹಾಳು.

ಮೇಲ್ ಮಿತಿ ಬಗ್ಗೆ: ಜಿಮೇಲ್ 25 ಎಂಬಿ ಅನ್ನುತ್ತದೆ. ಆದರೆ ಲಗತ್ತು ಹೋಗುವಾಗ ಅಕ್ಷರರೂಪಕ್ಕೆ ತಿರುಗಿ ಮೂರನೇ ಒಂದು ಪಾಲು ಊದುತ್ತದೆ. 18 ಎಂಬಿ ಒಳಗೆ ಇಟ್ಟರೆ ಯಾವ ತೊಂದರೆಯೂ ಇಲ್ಲ.

ಕರಡು_ತಿದ್ದುವವಳು

ಅಚ್ಚುಮೊಳೆಯವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಕಪ್ಪು ಬಿಳುಪಿಗೆ ಜೆಬಿಗ್2 ಅಂತ ಇನ್ನೊಂದು ವಿಧಾನ ಇದೆ, ಗ್ರೂಪ್ 4ಕ್ಕಿಂತ ಫೈಲು ಇನ್ನೂ ಚಿಕ್ಕದಾಗುತ್ತದೆ. ಇದರಲ್ಲಿ ನಷ್ಟವಿಲ್ಲದ ಬಗೆ, ನಷ್ಟವಾಗುವ ಬಗೆ ಎರಡೂ ಇವೆ. ನಷ್ಟವಾಗುವ ಬಗೆ ಏನು ಮಾಡುತ್ತದೆ ಅಂದರೆ, ಪುಟದಲ್ಲಿ ಒಂದೇ ತರಹ ಕಾಣುವ ಅಕ್ಷರಗಳನ್ನು ಗುಂಪು ಮಾಡಿ, ಒಂದನ್ನೇ ಇಟ್ಟುಕೊಂಡು ಎಲ್ಲ ಕಡೆ ಅದನ್ನೇ ಅಂಟಿಸುತ್ತದೆ.

2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಇದನ್ನು ಜಗತ್ತಿಗೆ ತೋರಿಸಿದರು. ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಒಂದು ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದಾಗ, ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಅಂತ ಒಂದೇ ಅಂಕಿ ಬಂದಿತ್ತು. 6 ಇದ್ದ ಕಡೆ 8 ಆಗುವುದೂ ಕಂಡಿತು. ಮಸುಕಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಅಂಕಿ ಸ್ಪಷ್ಟವಾಗಿತ್ತು, ಆದರೆ ತಪ್ಪಾಗಿತ್ತು. ಕಂಪನಿ ಆಮೇಲೆ ಯಂತ್ರಗಳಿಗೆ ತಿದ್ದುಪಡಿ ಕೊಟ್ಟಿತು.

ಕನ್ನಡದ ಅಚ್ಚಿನ ಪುಟದಲ್ಲಿ ಈ ಬಗೆ ಬಳಸಿದರೆ ದನ ಹೋಗಿ ಧನ ಆಗಬಹುದು. ನಾನು ಕರಡು ನೋಡುವವಳು, ಇಂಥ ತಪ್ಪು ಕಣ್ಣಿಗೆ ಬೀಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಓದುವಾಗ ವಾಕ್ಯ ಸರಾಗವಾಗಿ ಹೋಗುತ್ತಿರುತ್ತದೆ. ಕಂಪ್ರೆಸ್ ತಂತ್ರಾಂಶದಲ್ಲಿ ಜೆಬಿಗ್2 ಆಯ್ಕೆ ಕಂಡರೆ, ನಷ್ಟವಿಲ್ಲದ್ದು ಎಂದು ಖಚಿತವಾಗದೆ ಆರಿಸಬೇಡಿ. ಹಳೆಯ ಪುಸ್ತಕ, ಲೆಕ್ಕಪತ್ರ, ಜಮೀನಿನ ಕಾಗದಕ್ಕಂತೂ ಬೇಡವೇ ಬೇಡ.

ಅರ್ಜಿ_ಹಾಕುವವ

ಇದೇ ಚರ್ಚೆಯಲ್ಲಿ ಕೇಳುತ್ತಿದ್ದೇನೆ, ಬೇಜಾರಾಗಬೇಡಿ. ಕೆಲಸದ ಅರ್ಜಿಗೆ ಅಂಕಪಟ್ಟಿ 200 ಕೆಬಿ ಒಳಗೆ ಬೇಕಂತೆ. ಪಹಣಿ ಒಂದನ್ನೂ ಕೊಡಬೇಕು, ಅದು ಆನ್‌ಲೈನ್‌ನಲ್ಲಿ ಸಿಕ್ಕ ಪಿಡಿಎಫ್. ಅಂಗಡಿಯಲ್ಲಿ ಪಹಣಿಯನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿಕೊಟ್ಟರು, 3 ಎಂಬಿ ಆಗಿದೆ.

ಅಚ್ಚುಮೊಳೆ

ಬೇಜಾರೇನಿಲ್ಲ. ಕಂಪ್ಯೂಟರಿನಲ್ಲೇ ಹುಟ್ಟಿದ ಪಿಡಿಎಫ್ ಅನ್ನು ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡುವ ಅಗತ್ಯ ಯಾವತ್ತೂ ಇಲ್ಲ. ಮೂಲ ಫೈಲಿನಲ್ಲಿ ಅಕ್ಷರ ಅಕ್ಷರವಾಗಿಯೇ ಇರುತ್ತದೆ, ಪುಟಕ್ಕೆ ಕೆಲವು ಹತ್ತು ಕೆಬಿ ಸಾಕು. ಸ್ಕ್ಯಾನ್ ಮಾಡಿದೊಡನೆ ಅದು ಫೋಟೋ. ಇಳಿಸಿಕೊಂಡ ಪಹಣಿಯನ್ನೇ ಹಾಗೇ ಹಾಕಿ. ಅದರಲ್ಲಿ ಡಿಜಿಟಲ್ ಸಹಿ ಇದ್ದರೆ ಕಂಪ್ರೆಸ್ ಕೂಡ ಮಾಡಬೇಡಿ. ಕಂಪ್ರೆಸ್ ಎಂದರೆ ಫೈಲನ್ನು ಹೊಸದಾಗಿ ಬರೆಯುವುದು, ಆಗ ಸಹಿ ಊರ್ಜಿತ ಆಗುವುದಿಲ್ಲ. ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುವುದಾದರೆ ಅದನ್ನೇ ಇಳಿಸಿಕೊಳ್ಳಿ. ಸಿಗದಿದ್ದರೆ ಬೂದು ಛಾಯೆಯಲ್ಲಿ 150 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಒಂದು ಪುಟ 200 ಕೆಬಿಗೆ ಕೂರುತ್ತದೆ, ಅಂಕಿಗಳು ಓದಲು ಬರುತ್ತವೆ.

ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ನೀವೇ ಬರೆದದ್ದಾದರೆ ಅಲ್ಲಿಂದಲೇ ಪಿಡಿಎಫ್‌ಗೆ ರಫ್ತು ಮಾಡಿ. ಲಿಬ್ರೆಆಫೀಸ್‌ನ ರಫ್ತು ಕಿಟಕಿಯಲ್ಲೇ ಚಿತ್ರದ ಗುಣಮಟ್ಟ, ಡಿಪಿಐ ಇಳಿಸುವ ಜಾಗ ಇದೆ. ಒಂದು ಮಾತ್ರ ಮಾಡಬೇಡಿ: ತೂಕ ಉಳಿಸಲು ಫಾಂಟ್ ಸೇರಿಸುವುದನ್ನು ತೆಗೆಯಬೇಡಿ. ನುಡಿ ಫಾಂಟಿನಲ್ಲಿ ಹಳೆಯ ರೀತಿ ಟೈಪ್ ಮಾಡಿದ ಫೈಲಾದರೆ, ಫಾಂಟ್ ಇಲ್ಲದ ಕಡೆ ತೆರೆದಾಗ ಬರೀ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಬಳಸಿದ ಅಕ್ಷರಗಳಷ್ಟನ್ನೇ ಸೇರಿಸಿದರೆ ಫಾಂಟ್ ತೂಕ ಏನೇನೂ ಅಲ್ಲ.

ಮತ್ತೆ, ಆಧಾರ್, ಪಹಣಿ, ಬ್ಯಾಂಕ್ ಕಾಗದ ಯಾವುದನ್ನೂ ಗೊತ್ತಿಲ್ಲದ ಕಂಪ್ರೆಸ್ ಸೈಟಿಗೆ ಏರಿಸಬೇಡಿ. ಅದು ಇನ್ಯಾರದೋ ಕಂಪ್ಯೂಟರಿಗೆ ಹೋಗುತ್ತದೆ. ಸ್ವಂತ ಕಂಪ್ಯೂಟರಿನಲ್ಲಿ ನಡೆಯುವ ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ.

ಹಳೇಪುಟ

ಅಚ್ಚುಮೊಳೆ ಸರ್, ಆಯಿತು! ಪೂರ್ತಿ 182 ಪುಟ ಈಗ 22 ಎಂಬಿ. ಪುಟ ಬೆಳ್ಳಗಿದೆ, ಕೆಂಪು ಕೆಂಪಾಗಿಯೇ ಇದೆ. ನೋಟ್‌ಬುಕ್ಕಿಗಿಂತ ಇದರಲ್ಲೇ ಓದುವುದು ಸುಲಭ ಎಂದು ನಮ್ಮಮ್ಮ ಹೇಳಿದರು. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಮ್ಮಿ.

ಒಂದೇ ತೊಂದರೆ ಉಳಿದಿದೆ. ಪೆನ್ಸಿಲ್ ತಿದ್ದುಪಡಿ ಇರುವ ಪುಟಗಳಲ್ಲಿ ಅದು ಕಾಣುತ್ತಿಲ್ಲ. ಗೆರೆ ದಪ್ಪ ಮಾಡಿದರೆ ಪೆನ್ಸಿಲ್ ಬರುತ್ತದೆ, ಆದರೆ ಹಿಂಬದಿ ಶಾಯಿಯೂ ಬರುತ್ತದೆ. ಆಮೇಲೆ, 22 ಎಂಬಿ ಮೇಲ್‌ಗೆ ಜಾಸ್ತಿಯಾಯಿತಲ್ವಾ?

ಅಚ್ಚುಮೊಳೆ

ಬಹಳ ಸಂತೋಷ ಆಯಿತು. ಪೆನ್ಸಿಲ್ ಮತ್ತು ಇಣುಕುವ ಶಾಯಿ ಎರಡೂ ಒಂದೇ ಮಟ್ಟದ ಬೂದು. ಯಾವ ತಂತ್ರಾಂಶಕ್ಕೂ ಅವನ್ನು ಬೇರೆ ಮಾಡುವುದು ಕಷ್ಟ, ಮನುಷ್ಯನ ಕಣ್ಣಿಗೆ ಮಾತ್ರ ಸುಲಭ. ಆದ್ದರಿಂದ ಆ ಪುಟಗಳಲ್ಲಿ ಬಣ್ಣ ವಿಂಗಡಿಸಲು ಹೋಗಬೇಡಿ. ಅವುಗಳಿಗೆ ಮಾತ್ರ ಔಟ್‌ಪುಟ್‌ನಲ್ಲಿ ಪೂರ್ತಿ ಬಣ್ಣ ಆರಿಸಿ. ಬಂದ ಟಿಫ್‌ಗಳನ್ನು ಗಿಂಪ್‌ನಲ್ಲಿ (ಚಿತ್ರ ತಿದ್ದುವ ಉಚಿತ ತಂತ್ರಾಂಶ) ತೆರೆದು, 200 ಡಿಪಿಐಗೆ ಇಳಿಸಿ, ಜೆಪೆಗ್ ಗುಣಮಟ್ಟ 60ರ ಆಸುಪಾಸಿನಲ್ಲಿ ಉಳಿಸಿ. ಹೆಸರಿನ ಅಂಕಿ ಮಾತ್ರ ಬದಲಾಯಿಸಬೇಡಿ, ಇಲ್ಲದಿದ್ದರೆ ಪುಟದ ಕ್ರಮ ತಪ್ಪುತ್ತದೆ. ಟಿಫ್, ಜೆಪೆಗ್ ಎರಡನ್ನೂ ಒಟ್ಟಿಗೆ ಜೋಡಿಸಬಹುದು. ಆ ಪುಟಗಳು ಕಂದಾಗಿ ಕಾಣುತ್ತವೆ, ಕಾಣಲಿ. ಕವಿ ತಾನೇ ತಿದ್ದಿದ್ದು ಅಲ್ಲಿದೆ, ಚೆಂದಕ್ಕಿಂತ ಅದು ದೊಡ್ಡದು.

ಅತ್ತೆಯವರಿಗೆ ಎರಡು ಭಾಗ ಮಾಡಿ ಎರಡು ಮೇಲ್ ಕಳಿಸಿ. ಪದ್ಯದ ನಡುವೆ ಕತ್ತರಿಸಬೇಡಿ. ಹಾಗೆ ಮಾಡಿದರೆ ಇನ್ನೂ ಗುಣ ಇಳಿಸುವ ಪ್ರಶ್ನೆಯೇ ಬರುವುದಿಲ್ಲ.

ಭಾಗವತರಿಗೆ ಪೂರ್ತಿ ಕಳಿಸುವ ಮೊದಲು ಮೂರು ಪುಟ ಮಾತ್ರ ಕಳಿಸಿ. ಒತ್ತಕ್ಷರ ಜಾಸ್ತಿ ಇರುವ ಒಂದು ವಾರ್ಧಕ, ಕೆಂಪು ತಲೆಬರಹ ಹೆಚ್ಚಿರುವ ಒಂದು ಪುಟ, ಪೆನ್ಸಿಲ್ ಇರುವ ಒಂದು ಪುಟ. ಅವರ ಫೋನಿನಲ್ಲಿ ಅವರಿಗೆ ಹೇಗೆ ಕಾಣುತ್ತದೆ ಅಂತ ಕೇಳಿ. ನಿಮ್ಮ ಕಂಪ್ಯೂಟರಿನಲ್ಲಿ ಕಂಡಂತೆ ಅಲ್ಲಿ ಕಾಣಬೇಕೆಂದಿಲ್ಲ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಪುಟಗಳನ್ನು ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅವನ್ನು ಮತ್ತೊಮ್ಮೆ ಹಿಂಡುತ್ತದೆ.

ಮೂಲ ಫೋಟೋಗಳ ಫೋಲ್ಡರ್ ಅಳಿಸಬೇಡಿ. 22 ಎಂಬಿಯದ್ದು ಓದುವ ಪ್ರತಿ ಅಷ್ಟೇ. ಅದನ್ನು ಮತ್ತೆ ಬೇಕಾದಾಗ ಮಾಡಿಕೊಳ್ಳಬಹುದು, ಫೋಟೋಗಳನ್ನು ಅದರಿಂದ ವಾಪಸ್ ಪಡೆಯಲು ಆಗುವುದಿಲ್ಲ. ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇಡಿ, ಇನ್ನೊಂದು ಪ್ರತಿ ಪುಣೆಯಲ್ಲಿ ಅತ್ತೆಯವರ ಮನೆಯಲ್ಲೂ ಇರಲಿ. ಮನೆಯವರೆಲ್ಲ ಒಪ್ಪಿದರೆ, ಹಳೆಯ ಪುಸ್ತಕಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಇಂಟರ್ನೆಟ್ ಆರ್ಕೈವ್‌ಗೆ ಏರಿಸಬಹುದು. ಅಲ್ಲಿಗೆ ಏರಿಸುವಾಗ ಚಿಕ್ಕ ಪಿಡಿಎಫ್ ಬೇಡ, ದೊಡ್ಡ ಚಿತ್ರಗಳನ್ನೇ ಕೊಡಿ. ಓದುವವರಿಗೆ ಬೇಕಾದ ಚಿಕ್ಕ ರೂಪಗಳನ್ನು ಅದೇ ತಯಾರು ಮಾಡಿಕೊಳ್ಳುತ್ತದೆ.

ಹಳೇಪುಟ

ಮೂರು ಪುಟ ಈಗಷ್ಟೇ ಕಳಿಸಿದೆ. ಪೆನ್ಸಿಲ್ಲಿನದ್ದು ಓದಲು ಬರುತ್ತದೆಯಂತೆ. ಕೆಂಪಿನಲ್ಲಿ ಒಂದು ಕಡೆ ತಾಳದ ಹೆಸರು ಝಂಪೆಯೋ ತ್ರಿವುಡೆಯೋ ಅಂತ ಅನುಮಾನ ಇದೆಯಂತೆ. ಆ ಪುಟದ ಮೂಲ ಫೋಟೋ ಒಂದನ್ನೇ ಡಾಕ್ಯುಮೆಂಟ್ ಆಗಿ ಕಳಿಸುತ್ತಿದ್ದೇನೆ.